ಹಸಿರು ಪರದೆಗಳ ಪ್ರಕರಣ

ಮಂಗಳವಾರ ಬೆಳಿಗ್ಗೆ ಠಾಣೆ ತೆರೆದು ಸ್ವಲ್ಪ ಹೊತ್ತಿಗೆಲ್ಲ ಹೋಟೆಲ್ ಮಾಲೀಕ ದೂರು ಹಿಡಿದು ಬಂದ. ಅವನ ಹೊಸ ಸಭಾಂಗಣದ ಪರದೆಗಳಿಗೆ ಯಾರೋ ಬ್ಲೀಚ್ ಎರಚಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಪೇದೆಯೊಂದಿಗೆ ಸ್ಥಳಕ್ಕೆ ಹೋದರು.

ಬಾಗಿಲು ತೆಗೆಯುತ್ತಲೇ ಮೂಗು ಉರಿಯಿತು. ಆಳೆತ್ತರದವರೆಗೆ ಹಸಿರು ಬಟ್ಟೆ ಬೆಳ್ಳಗೆ ಕಲೆಗಟ್ಟಿತ್ತು. ಪಂಚನಾಮೆ ಬರೆಯುವಾಗ ಕಾವಲುಗಾರ ತೊದಲಿದ.

"ನಿನ್ನೆ ಸಂಜೆ ಒಬ್ಬ ಹೆಂಗಸು ಬಂದಿದ್ರು. ಪರದೆ ಕೆಲಸ ಬಾಕಿ ಇದೆ ಅಂದ್ರು. ಕೈಯಲ್ಲಿ ಕ್ಯಾನ್ ಇತ್ತು."

"ಏನದು ಅಂತ ಕೇಳ್ಲಿಲ್ವಾ?"

"ಕಲೆ ತೆಗೆಯೋ ನೀರು ಅಂದ್ರು."

"ಸುಳ್ಳೇನೂ ಹೇಳಿಲ್ಲ ಬಿಡಿ," ಎಂದಳು ಪೇದೆ.

ಇನ್‌ಸ್ಪೆಕ್ಟರ್ ಮಾಲೀಕನತ್ತ ತಿರುಗಿದರು. "ಪರದೆಗೆ ಬಣ್ಣ ಹಾಕಿದ್ದು ಯಾರು?"

"ಕಾಲುವೆ ಹತ್ರದ ಬಣ್ಣದವನು. ನೀಲಿ ಅಂತ ಕರಾರಾಗಿತ್ತು, ಹಸಿರು ತಂದ. ಬೇಡ ಅಂದೆ. ಆಮೇಲೆ ಪಾಪ ಅಂತ ಅರ್ಧ ಬೆಲೆಗೆ ತಗೊಂಡೆ."

"ದೂರಲ್ಲಿ ಪೂರ್ತಿ ಬೆಲೆ ಬರೆಸಿದ್ದೀರಿ."

"ಮಾಲಿನ ಬೆಲೆ ಅಷ್ಟಿದೆಯಲ್ಲ ಸಾರ್."

ನೆಲಹಾಸು ಹಸಿರು, ಕುರ್ಚಿಯ ಮೆತ್ತೆ ಹಸಿರು. ನೀಲಿಗೆ ಅಲ್ಲೆಲ್ಲೂ ಜಾಗವಿರಲಿಲ್ಲ. ಇನ್‌ಸ್ಪೆಕ್ಟರ್ ಎಲ್ಲವನ್ನೂ ನೋಡಿದರು. ಆದರೆ ದೂರು ಇದ್ದದ್ದು ಬ್ಲೀಚಿನ ಬಗ್ಗೆ.

ಬಣ್ಣದವನ ಶೆಡ್ಡಿನಲ್ಲಿ ತೊಟ್ಟಿಗಳು ಒಣಗಿದ್ದವು. ಪೊಲೀಸರನ್ನು ಕಂಡವನೇ ಎದ್ದು ನಿಂತ. "ನಾನೇ ಮಾಡಿದ್ದು."

"ಕೈ ತೋರಿಸು."

ಉಗುರಿನ ಸಂದಿಯಲ್ಲಿ ಹಸಿರು ಬಿಟ್ಟರೆ ಬೇರೇನೂ ಇರಲಿಲ್ಲ. ಪೇದೆ ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿಯ ಕೈಗಳನ್ನು ಮೆಲ್ಲಗೆ ಮುಂದಕ್ಕೆ ತಂದಳು. ಬೆರಳುಗಳ ಚರ್ಮ ಸುಲಿದಿತ್ತು.

"ಹೋಟೆಲ್‌ನವರ ಫೋನ್ ಬಂದಾಗ ಇವರ ಕೈ ತೊಟ್ಟೀಲಿತ್ತು," ಎಂದಳು ಹೆಂಡತಿ. "ನಾನೇ ಕಿವಿಗೆ ಹಿಡಿದಿದ್ದೆ. ನೀಲಿ ಬೇಡ, ಹಸಿರು ಮಾಡಿ ಅಂದ್ರು. ಇವರು ಆಯ್ತು ಅಂದ್ರು. ಮಾಲು ಹೊತ್ಕೊಂಡು ಹೋದ್ಮೇಲೆ, ನಾನ್ಯಾವಾಗ ಹೇಳ್ದೆ ಅಂದ್ರು."

"ಏನೇ ಬದಲಾದ್ರೂ ಬರವಣಿಗೇಲಿ ಇರಬೇಕು ಅಂತ ಕರಾರಲ್ಲೇ ಇದೆಯಂತಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

"ಇದೆ. ಇಷ್ಟು ವರ್ಷ ಎಲ್ಲಾ ಫೋನಲ್ಲೇ ನಡೀತು. ಆಗ ಯಾರೂ ಅದನ್ನ ಓದ್ಲಿಲ್ಲ."

"ಅರ್ಧಕ್ಕೆ ಯಾಕೆ ಒಪ್ಪಿದ್ರಿ?"

"ಅವರ ಕಿಟಕಿ ಅಳತೆಗೆ ಕತ್ತರಿಸಿದ ಬಟ್ಟೆ, ಇನ್ಯಾರು ತಗೋತಾರೆ?"

ಗಂಡ ನೆಲ ನೋಡುತ್ತ ಅಂದ, "ಕೈ ಕೆಸರಾದ್ರೆ ಬಾಯಿ ಮೊಸರಂತೆ. ನಮ್ಗೆ ಕೈ ಹಸಿರಾಗಿದ್ದಷ್ಟೇ ಬಂತು."

"ಒಪ್ಕೊಂಡಾಗಿತ್ತಲ್ಲ. ಮತ್ಯಾಕೆ ಹೋದೆ?"

ಅವಳು ಸುಲಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮೊನ್ನೆ ಬಸ್ಸಿಂದ ಪರದೆ ಕಂಡವು ಸಾರ್. ಎಷ್ಟು ಚೆನ್ನಾಗಿ ಒಪ್ಪಿದ್ವು ಅಲ್ಲಿ. ಅದನ್ನೇ ತಡ್ಕೊಳಕ್ಕಾಗ್ಲಿಲ್ಲ."

ಮಧ್ಯಾಹ್ನ ಬಂಧನ ದಾಖಲಾಯಿತು. ಗಂಡ ಠಾಣೆಯ ಮೆಟ್ಟಿಲ ಮೇಲೆ ಮುಲಾಮಿನ ಡಬ್ಬಿ ಹಿಡಿದು ಕುಳಿತ. ಒಳಗೆ ಹೇಳಿಕೆ ಮುಗಿದಾಗ ಅವಳು ಕೇಳಿದಳು, "ಹಸಿರು ಮಾಡಿ ಅಂತ ಅವರೇ ಹೇಳಿದ್ದು, ಬರ್ಕೊಂಡ್ರಾ?"

ಇನ್‌ಸ್ಪೆಕ್ಟರ್ ಆ ಸಾಲನ್ನು ಓದಿ ಹೇಳಿದರು. ಅವಳ ಮುಖ ಹಗುರಾಯಿತು.

"ಸದ್ಯ. ಈಗಲಾದ್ರೂ ಬರವಣಿಗೇಲಿ ಬಂತು."

ಪೊಲೀಸರ ಮುಂದೆ ಆಡಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.