ತಾರಸಿಯ ಲೆಟಿಸ್, ಮನೆಯ ಕೀಲಿ

ಬೀಗ ರಿಪೇರಿಯವನ ತಟ್ಟೆಯಲ್ಲಿ, ಎರಡು ತುಂಡು ಬ್ರೆಡ್ಡಿನ ನಡುವೆ, ಅವಳ ಲೆಟಿಸ್ ಎಲೆ ಇತ್ತು.

ಅವಳದೇ. ಅಂಚಿನಲ್ಲಿ ಕೆಂಪು ನಿರಿಗೆ, ನಡುವೆ ತಿಳಿಹಸಿರು. ಒಂದೂವರೆ ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದವಳಿಗೆ ಗುರುತು ತಪ್ಪೀತೇ?

"ಈ ಎಲೆ ಎಲ್ಲಿಂದ ಬಂತು?"

ಅವನು ಅಗಿಯುವುದನ್ನು ನಿಲ್ಲಿಸಿದ. "ಟೀಚರ್... ಇವತ್ತು ಸ್ಕೂಲು ಬೇಗ ಬಿಡ್ತಾ?"

"ನೀರು ಬಂದಿಲ್ಲ, ಬಿಟ್ಟರು. ಕೇಳಿದ್ದಕ್ಕೆ ಉತ್ತರ ಹೇಳಿ."

"ಕೊಟ್ಟವರು ಕೊಟ್ಟರು. ತಿಂತಿದ್ದೀನಿ."

"ಯಾರು ಕೊಟ್ಟವರು?"

ಅವನು ಮೇಜಿನ ಮೇಲಿದ್ದ ಅರವನ್ನು ಸುಮ್ಮನೆ ಆಚೀಚೆ ಸರಿಸಿದ. "ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಮೂರು ವಾರಗಳಿಂದ ಯಾರೋ ತಾರಸಿಯ ಕುಂಡಗಳಿಂದ ಎಲೆ ಕತ್ತರಿಸುತ್ತಿದ್ದರು. ತಾರಸಿ ಬಾಗಿಲಿಗೆ ಇದ್ದದ್ದು ಒಂದೇ ಕೀಲಿ. ಅದು ಮೊದಲ ಮಹಡಿಯಲ್ಲಿ ಅವಳೂ ಅಪ್ಪನೂ ಇದ್ದ ಮನೆಯ ಮೊಳೆಗೆ ತೂಗುತ್ತಿತ್ತು. ಆ ಬೀಗ ಹಾಕಿದವನು ಕಟ್ಟಡದ ಕೆಳಗೇ ಅಂಗಡಿ ಇಟ್ಟುಕೊಂಡಿದ್ದ ಈ ಮನುಷ್ಯ.

ಅವಳಿಗೆ ಉರಿದದ್ದು ಎಲೆಗಾಗಿ ಮಾತ್ರವಲ್ಲ. ಅವನು ಬೀಗ ಹಾಕಲು ಬಂದ ದಿನ ಅವಳು ಕುಂಡದ ಮಣ್ಣಿಗೆ ಬೆರಳುದ್ದ ತೂತು ಕೊರೆದು ಬೀಜ ತುರುಕುತ್ತಿದ್ದಳು. ಅವನು ಬೀಜದ ಪೊಟ್ಟಣ ಎತ್ತಿ ಓದಿದ್ದ: "ಟೀಚರ್, ಇದನ್ನ ಹೂಳಬಾರದಂತೆ. ಮೇಲೆ ಉದುರಿಸಿ, ಅಂಗೈಯಲ್ಲಿ ಮೆತ್ತಗೆ ಒತ್ತಿದರೆ ಸಾಕಂತೆ. ಬೆಳಕು ಬೀಳಬೇಕಂತೆ." ನಾಲ್ಕೇ ದಿನಕ್ಕೆ ಮೊಳಕೆ ಬಂದಿತ್ತು. ಅಂದಿನಿಂದ ಸಂಜೆ ನೀರು ಹಾಕಿ ಇಳಿಯುವಾಗ ಅವನ ಅಂಗಡಿಯತ್ತ ನೋಡುವುದು ಅವಳಿಗೆ ರೂಢಿಯಾಗಿತ್ತು. ಅವನೂ ನೋಡುತ್ತಿದ್ದ.

*ನಾನು ನಂಬಿದ ಮುಖವೇ ಇದು?*

"ಇನ್ನೊಂದು ಕೀಲಿ ಮಾಡ್ಕೊಂಡಿದ್ದೀರ."

ಅವನು ತಟ್ಟೆಯನ್ನು ದೂರ ತಳ್ಳಿದ. "ಆ ಮಾತು ಬೇಡ ಟೀಚರ್. ನಮ್ಮ ಕಸುಬಿನವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ."

ಅವಳು ಆ ಮಾತೇ ಆಡಿದಳು. ಅದೂ ಬರವಣಿಗೆಯಲ್ಲಿ. ಹೆಬ್ಬಾಗಿಲ ಬಳಿಯ ಫಲಕದ ಮೇಲೆ, ಮಕ್ಕಳಿಗೆ ಕಲಿಸುವ ದುಂಡನೆಯ ಅಕ್ಷರಗಳಲ್ಲಿ: "ತಾರಸಿಯ ಬೀಗ ತೆಗೆದು ಕದಿಯುವವರು ನಮ್ಮ ಕೆಳಗೇ ಇದ್ದಾರೆ. ನಿಮ್ಮ ಮನೆಯ ಬೀಗಗಳ ಬಗ್ಗೆ ಎಚ್ಚರವಿರಲಿ."

ಅಕ್ಷರ ಕಲಿತವರ ಕೋಪ ಕಲಿಯದವರ ಕೋಪಕ್ಕಿಂತ ಹೆಚ್ಚು ಅಪಾಯಕಾರಿ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಗೋಡೆಗೆ ಅಂಟಿಸಿದ್ದನ್ನು ಹೋಗುವವರು ಬರುವವರೆಲ್ಲ ಓದುತ್ತಾರೆ. ಒಬ್ಬನ ಬದುಕಿಗೆ ಬೆಂಕಿ ಇಡುವ ಮುನ್ನ ಒಂದು ಪುರಾವೆ ಬೇಕು ಎಂದು ಅವಳಿಗೆ ತೋಚಲಿಲ್ಲ. ದಿನವೂ ಮಕ್ಕಳಿಗೆ ನ್ಯಾಯ ಬೋಧಿಸುವವಳಿಗೆ!

ಎಂಟು ದಿನಗಳಲ್ಲಿ ಅಂಗಡಿಗೆ ಒಬ್ಬರೂ ಬರಲಿಲ್ಲ. ಎರಡನೇ ಮಹಡಿಯ ಆಂಟಿ ಕಪಾಟಿನ ಬೀಗ ತೆಗೆಸಲು ಮೂರು ಬೀದಿ ಆಚೆಯಿಂದ ಬೇರೆಯವನನ್ನು ಕರೆಸಿದರು. "ಕಳ್ಳನಿಗೆ ಮನೆ ತೋರಿಸೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದು ಅವನಿಗೆ ಕೇಳುವಂತೆಯೇ ಹೇಳಿದರು.

ಅವನು ಅರಗಳನ್ನು ಪೆಟ್ಟಿಗೆಗೆ ಹಾಕಿದ. ಕೀಲಿಗಳ ಹಲಗೆಯನ್ನು ಗೋಡೆಯಿಂದ ಇಳಿಸತೊಡಗಿದ.

ಒಂಬತ್ತನೆಯ ದಿನ, ಭಾನುವಾರ ಬೆಳಗ್ಗೆ, ಅವಳು ತಾರಸಿಗೆ ಹೋದಳು. ನೋಟೀಸು ಅಂಟಿಸಿದ ಮೇಲೆ ಒಂದು ಎಲೆಯೂ ಕಳುವಾಗಿರಲಿಲ್ಲ. ಆದರೂ ಗಿಡಗಳು ಕೆಟ್ಟಿದ್ದವು. ಬಿಸಿಲಿಗೆ ನಡುವಿನಿಂದ ದಂಟು ಎದ್ದು ಗೇಣುದ್ದ ನಿಂತಿತ್ತು. ಒಂದು ಎಲೆ ಕಚ್ಚಿದಳು. ಕಹಿ.

ಎಲೆಕೋಸಿನಂತೆ ಉಂಡೆ ಕಟ್ಟಲಿ ಎಂದು ಅವಳು ಕಾಯುತ್ತಿದ್ದಳು. ಕುಂಡದ ಪಕ್ಕ ಸಿಕ್ಕಿಸಿಟ್ಟಿದ್ದ ಬೀಜದ ಪೊಟ್ಟಣದ ಹಿಂಬದಿಯನ್ನು ಈಗ ಮೊದಲ ಬಾರಿಗೆ ಪೂರ್ತಿ ಓದಿದಳು: "ಈ ಜಾತಿ ಉಂಡೆ ಕಟ್ಟುವುದಿಲ್ಲ. ಹೊರಗಿನ ಎಲೆಗಳನ್ನು ಎಳೆಯದರಲ್ಲೇ ಕತ್ತರಿಸಿ ಬಳಸಿ. ಬಿಟ್ಟರೆ ದಂಟು ಎದ್ದು ಕಹಿಯಾಗುತ್ತದೆ."

ಹಾಗಾದರೆ ಕತ್ತರಿಸುತ್ತಿದ್ದವರು ಗಿಡವನ್ನು ಕಾಪಾಡುತ್ತಿದ್ದರು...

ಕುಂಡ ಸರಿಸಿದಾಗ ಹಿಂದೆ ಏನೋ ಹೊಳೆಯಿತು. ಪುಟ್ಟ ಕತ್ತರಿ. ಹಿಡಿಗೆ ಕೆಂಪು ನೂಲು. ಕಳೆದುಹೋಗದಿರಲೆಂದು ಅವಳೇ ಸುತ್ತಿದ್ದು. ಅಪ್ಪನ ಮೀಸೆ ಕತ್ತರಿ.

ಅವಳು ಮೆಟ್ಟಿಲು ಇಳಿದದ್ದೇ ತಿಳಿಯಲಿಲ್ಲ.

ಅಪ್ಪ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೃದಯದ ಆಪರೇಷನ್ ಆಗಿ ಐದು ತಿಂಗಳು. ದಿನಕ್ಕಿಷ್ಟು ಹತ್ತಬಹುದು ಎಂದು ಡಾಕ್ಟರ್ ಹೇಳಿದ್ದರೂ, ಲಿಫ್ಟಿಲ್ಲದ ಕಟ್ಟಡದಲ್ಲಿ ಮೇಲಿನ ಮೆಟ್ಟಿಲು ಮುಟ್ಟಕೂಡದೆಂದು ಅವಳು ಆಣೆ ಹಾಕಿಸಿದ್ದಳು.

ಅವರು ಕತ್ತರಿಯನ್ನು ನೋಡಿ ಪತ್ರಿಕೆ ಮಡಿಸಿದರು.

"ನೀನು ಸ್ಕೂಲಿಗೆ ಹೋದಮೇಲೆ ಹತ್ತುತ್ತಿದ್ದೆ ಕಣಮ್ಮ. ಮೊದಲ ದಿನ ಎಂಟು ಕಡೆ ಕೂತೆ. ಕೊನೆಕೊನೆಗೆ ಎರಡೇ ಕಡೆ." ಅವರ ದನಿಯಲ್ಲಿ ಕಳ್ಳ ಹೆಮ್ಮೆ ಇತ್ತು. "ಎಲೆ ಮನೆಗೆ ತಂದ್ರೆ ನಿನಗೆ ಗೊತ್ತಾಗುತ್ತೆ. ಅವನ ಅಂಗಡೀಲಿ ಕೂತು ಬ್ರೆಡ್ ಜೊತೆ ತಿಂತಿದ್ವಿ. ಹೇಳಬೇಡ ಅಂತ ನಾನೇ ಮಾತು ತಗೊಂಡಿದ್ದೆ."

"ನೋಟೀಸ್ ಓದಿದ್ರಿ ತಾನೇ? ಎಂಟು ದಿನ ಸುಮ್ನೆ ಇದ್ರಲ್ಲ ಅಪ್ಪ..."

"ಹೇಳ್ತೀನಿ ಅಂತ ಎರಡು ಸಲ ನಿನ್ನ ಮುಂದೆ ಬಂದೆ." ಅವರು ತಲೆ ತಗ್ಗಿಸಿದರು. "ನೀನು ಬೈತೀಯ ಅಂತ ಹೆದರಿದೆ. ಇನ್ನು ಬಾಗಿಲಿಂದ ಹೊರಗೇ ಬಿಡಲ್ಲ ಅಂತ."

ಆ ಮಾತು ಕಪಾಳಕ್ಕೆ ಬಿದ್ದ ಹಾಗಿತ್ತು. ಹೆತ್ತ ತಂದೆ ಮಗಳಿಗೆ ಹೆದರಿ ಸತ್ಯ ಮುಚ್ಚಿಟ್ಟರು. ಹೊರಗಿನವನೊಬ್ಬ ಕೊಟ್ಟ ಮಾತಿಗಾಗಿ ಕಳ್ಳನೆನಿಸಿಕೊಂಡ. ಇವೆರಡಕ್ಕೂ ಕಾರಣಳಾದವಳು ತನ್ನನ್ನು ನ್ಯಾಯವಂತೆ ಎಂದುಕೊಂಡಿದ್ದಳು!

ಅವಳು ಕೆಳಗೆ ಓಡಿ ಬಂದಾಗ ಅವನು ಅಂಗಡಿಯ ಮುಂದೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಬೇರೆ ಊರಿನ ಅಕ್ಕನ ಮನೆಗೆ ಹೊರಟಿದ್ದ.

"ನನಗೆ ಎಲ್ಲ ಗೊತ್ತಾಯ್ತು. ತಪ್ಪು ನಂದು."

ಅವನ ಕೈ ನಿಂತಿತು. ತಲೆ ಎತ್ತದೆ ಹೇಳಿದ: "ಸರಿ, ಬಿಡಿ ಟೀಚರ್. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ನೀವು ಬಿಟ್ಟರೂ ನಾನು ಬಿಡಲ್ಲ. ನಲವತ್ತು ಜನ ಓದಿದ್ದನ್ನ ನಿಮ್ಮೊಬ್ಬರ ಮುಂದೆ ಅಳಿಸೋಕಾಗಲ್ಲ. ಹತ್ತು ನಿಮಿಷ ಇರಿ."

ಅಂಗಳದಲ್ಲಿ ನಿವಾಸಿಗಳ ತಿಂಗಳ ಸಭೆ ಆಗಲೇ ಸೇರಿತ್ತು. ಅವಳು ಫಲಕದಿಂದ ತನ್ನ ಕಾಗದ ಕಿತ್ತು, ಎಲ್ಲರ ಮುಂದೆ ನಿಂತಳು. ಕಾಗದವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದನ್ನ ಬರೆದವಳು ನಾನು. ಇದು ಸುಳ್ಳು. ಎಲೆ ತೆಗೆದದ್ದು ನಮ್ಮ ಅಪ್ಪ, ನಮ್ಮನೆ ಕೀಲಿಯಿಂದಲೇ. ಬೀಗದ ಅಂಗಡಿಯವರು ಯಾವ ಬೀಗವನ್ನೂ ಕದ್ದು ತೆಗೆದಿಲ್ಲ. ಇವರ ಕೆಲಸ ಕೆಡಿಸಿದವಳು ನಾನು."

"ಮತ್ತೆ ಮೊದಲೇ ವಿಚಾರಿಸಬಾರದಿತ್ತಾ ಟೀಚರ್?" ಆಂಟಿ ಕುಟುಕಿದರು.

"ವಿಚಾರಿಸಬೇಕಿತ್ತು. ನೀವೂ ವಿಚಾರಿಸಬೇಕಿತ್ತು."

ಆಂಟಿ ಸೆರಗು ಸರಿಪಡಿಸಿಕೊಂಡರು. ಅವಳ ಹಿಂದೆಯೇ ಇಳಿದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಎದ್ದು ನಿಂತು, "ಕತ್ತರಿಸಿದ್ದು ನಾನೇ," ಎಂದರು, ಶಿಕ್ಷೆಗೆ ಕೈ ಚಾಚಿದವರಂತೆ.

ಅವನು ದೂರದಲ್ಲಿ ಪೆಟ್ಟಿಗೆಯ ಪಕ್ಕ ನಿಂತಿದ್ದ. ಅವಳು ಸಭೆಯ ನಡುವಿನಿಂದಲೇ ನಡೆದು ಹೋಗಿ, ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಅವನ ಮುಂದೆ ಹಿಡಿದಳು.

"ನಮ್ಮ ಮನೆ ಬಾಗಿಲಿಂದು. ಇದಕ್ಕೆ ಇನ್ನೊಂದು ಮಾಡಿಕೊಡಿ."

"ಯಾರಿಗೆ?"

"ನಿಮಗೆ."

ಅವನು ಕೀಲಿಯನ್ನು ನೋಡಿದ, ಅವಳನ್ನು ನೋಡಿದ. "ಯೋಚನೆ ಮಾಡಿ ಟೀಚರ್. ಬೀಗ ಆದ್ರೆ ಬದಲಾಯಿಸಬಹುದು..."

"ಯೋಚನೆ ಮಾಡದೆ ಮಾಡಿದ್ದು ಆ ನೋಟೀಸು. ಇದು ಮೊಳಕೆ ಬಂದ ದಿನದಿಂದ ಯೋಚಿಸಿದ್ದು."

ಅವನು ಹಗ್ಗ ಬಿಚ್ಚಿದ. ಪೆಟ್ಟಿಗೆಯಿಂದ ಕೀಲಿ ಕೊರೆಯುವ ಯಂತ್ರ ಹೊರತೆಗೆದು ಮೇಜಿಗೆ ಬಿಗಿದ. ಹಿತ್ತಾಳೆಯ ಪುಡಿ ಉದುರುತ್ತಿದ್ದಾಗ ಅವಳು ಮನೆಗೆ ಹೋಗಿ ತಂದ ಹೊಸ ಬೀಜದ ಪೊಟ್ಟಣವೊಂದನ್ನು ಅವನ ಮುಂದಿಟ್ಟಳು.

"ಈ ಸಲ ನೆರಳಲ್ಲಿ ಇಡೋಣ. ಎಲೆ ಯಾರು ಕತ್ತರಿಸ್ತಾರೆ?"

"ಮೇಷ್ಟ್ರು. ದಿನಾ ಹತ್ತಲಿ, ನಿಧಾನಕ್ಕೆ. ನಾನು ಜೊತೆಗೆ ಹೋಗ್ತೀನಿ."

"ನಾನು?"

"ನೀವು ಪೊಟ್ಟಣದ ಹಿಂದೆ ಬರೆದಿರೋದನ್ನ ಪೂರ್ತಿ ಓದಿ." ಅಷ್ಟು ದಿನಗಳಲ್ಲಿ ಅವನು ಮೊದಲ ಬಾರಿಗೆ ನಕ್ಕ.

ಅವಳೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತ. ಅವನು ಹಳೆಯ ಕೀಲಿಯನ್ನು ಅವಳ ಅಂಗೈಗಿಟ್ಟು, ಹೊಸದನ್ನು ತನ್ನ ಅಂಗಿಯ ಜೇಬಿನತ್ತ ಒಯ್ದ.

"ಒಮ್ಮೆ ನೋಡ್ತೀನಿ, ಕೊಡಿ," ಎಂದಳು ಅವಳು.

"ಇನ್ನೂ ಬಿಸಿ ಇದೆ. ಕೈ ಸುಟ್ಟೀತು."

"ಸುಡಲಿ," ಎಂದು ಅವಳು ಅವನ ಕೈಯನ್ನೂ ಸೇರಿಸಿಯೇ ಹಿಡಿದಳು.