ನಾಲ್ಕನೇ ಮಹಡಿಯಿಂದ ಇನೆಸ್

"ಅಂಚಿನಲ್ಲಿ ನಿಂತ್ಕೋ ಅಂತ ಯಾರು ಹೇಳಿದ್ದು ನಿಂಗೆ?"

ಲಾಸ್ ಏಂಜಲೀಸ್‌ನ ಹಳೇ ಗೋದಾಮಿನ ತಾರಸಿಯ ಮೇಲೆ ಸಿನಿಮಾ ನಿರ್ದೇಶಕ ಕ್ಯಾಲಮ್ ಗುಡುಗಿದ. ಎದುರಿಗೆ ನಿಂತವಳು ಇನೆಸ್ ಕ್ವಿಂಟೇರೊ. ನಾಯಕಿಯ ಬದಲು ಹಾರುವ, ಉರುಳುವ, ಬೀಳುವ ಸಾಹಸ ಕಲಾವಿದೆ. ಆಗಷ್ಟೇ ಪಕ್ಕದ ತಾರಸಿಯಿಂದ ಜಿಗಿದು ಬಂದಿದ್ದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು.

"ಯಾರೂ ಹೇಳ್ಲಿಲ್ಲ. ನಂಗೇ ಅನ್ನಿಸ್ತು."

"ಬೆನ್ನ ಹಿಂದೆ ಕೊಲೆಗಾರರು! ಆಗ ಯಾರಾದ್ರೂ ನಿಂತು ಕೆಳಗೆ ನೋಡ್ತಾರಾ?"

"ನೋಡ್ತಾರೆ! ನಾಯಕಿಯೇ ಹೆದರದಿದ್ರೆ ಟಿಕೆಟ್ ತಗೊಂಡು ಕೂತೋರು ಯಾಕೆ ಹೆದರ್ಬೇಕು? ಗುಂಡು, ಬೆಂಕಿ ಎಲ್ಲಾ ಸಿನಿಮಾದಲ್ಲೂ ಇರುತ್ತೆ. 'ಅಯ್ಯೋ, ಇವಳಿಗೇನಾದ್ರೂ ಆದ್ರೆ' ಅಂತ ಅವ್ರ ಎದೆ ಹೊಡ್ಕೋಬೇಕು. ಇಲ್ದಿದ್ರೆ ಬರೀ ಗದ್ದಲ!"

ಕ್ಯಾಲಮ್ ಆ ದೃಶ್ಯವನ್ನು ಪರದೆಯಲ್ಲಿ ಮತ್ತೆ ನೋಡಿದ... ಇನ್ನೊಮ್ಮೆ ನೋಡಿದ.

"ಇದೇ ಇರ್ಲಿ," ಎಂದ ಮೆಲ್ಲಗೆ.

ಗೆದ್ದೆ! ಎಂದುಕೊಂಡಳು ಇನೆಸ್. ಆದರೆ ಅವನು ತಲೆಯೆತ್ತಿ ನೋಡಿದಾಗ ತನ್ನ ಕೆನ್ನೆ ಯಾಕೆ ಬಿಸಿಯಾಯಿತು?

ಆಮೇಲೆ ಮಧ್ಯಾಹ್ನದ ಊಟ ಒಟ್ಟಿಗೇ ಆಗತೊಡಗಿತು. ಮೆಕ್ಸಿಕನ್ ರೊಟ್ಟಿ ಟಾಕೊ ಮಾರುವ ಗಾಡಿಯ ಪಕ್ಕ ಕೂತು ಅವಳು ಖಾರದ ಸಾಸ್ ಸುರಿದುಕೊಂಡರೆ, ಅವನು ಕಣ್ಣೀರು ಒರೆಸಿಕೊಳ್ಳುತ್ತಲೇ ಅದನ್ನೇ ತಿನ್ನುತ್ತಿದ್ದ.

"ಖಾರ ಆಗದಿದ್ರೆ ಬಿಡೋ, ಮಾರಾಯ!"

"ನೀನು ತಿಂತೀಯಲ್ಲ... ನಾನೂ ತಿಂತೀನಿ!"

ಕೊನೆಯ ದೃಶ್ಯ ಬಾಕಿಯಿತ್ತು. ನಾಲ್ಕನೇ ಮಹಡಿಯ ಗಾಜು ಒಡೆದು, ಕೆಳಗಿನ ಗಾಳಿಹಾಸಿಗೆಯ ಮೇಲೆ ಬೀಳಬೇಕು. ತಾಲೀಮಿನಲ್ಲಿ ಇನೆಸ್ ಹಾಸಿಗೆಯ ತೀರಾ ಅಂಚಿಗೆ ಬಿದ್ದಳು. ನಗುತ್ತಲೇ ಎದ್ದಳು. ಕ್ಯಾಲಮ್ ನಗಲಿಲ್ಲ.

ಮರುದಿನ ಗೆಳತಿ ಬರ್ನಡೆಟ್ ಓಡಿಬಂದಳು. "ಇನೆಸ್, ಇವತ್ತು ನೀನು ಬೀಳೋದಿಲ್ವಂತೆ! ಕಂಪ್ಯೂಟರ್‌ನಲ್ಲೇ ಮಾಡ್ತಾರಂತೆ. ಕ್ಯಾಲಮ್ಮೇ ಹೇಳಿದ್ದಂತೆ..."

ಇನೆಸ್ ನೇರ ಅವನೆದುರು ಹೋಗಿ ನಿಂತಳು. "ಯಾಕೆ?"

"ತೀರ್ಮಾನ ಆಗಿದೆ," ಎಂದ ಅವನು, ಅವಳ ಮುಖ ನೋಡದೆ.

ತನಗೆ ಮೂವತ್ತೆಂಟಾಯಿತಲ್ಲ... ಮಂಡಿ ಸವೆದಿದೆ ಅಂದುಕೊಂಡನೇ? ಅವಳು ಅಳಲಿಲ್ಲ. ಮಂಡಿಗವಸು ಬಿಚ್ಚಿ ಅವನ ಮೇಜಿನ ಮೇಲೆ ಎಸೆದಳು.

"ವಯಸ್ಸಾಯ್ತು ಅಂತ ಬಾಯ್ಬಿಟ್ಟು ಹೇಳೋಕೂ ಧೈರ್ಯ ಇಲ್ವಾ ನಿಂಗೆ? ನನ್ನ ಕೆಲಸ ಮುಗೀತು ಅನ್ನೋದನ್ನ ನಾನು ಹೇಳ್ತೀನಿ. ನೀನಲ್ಲ!"

ವಾರ ಕಳೆಯಿತು. ಬಾಯ್ಲ್ ಹೈಟ್ಸ್ ಬಡಾವಣೆಯ ವ್ಯಾಯಾಮಶಾಲೆಯಲ್ಲಿ ಇನೆಸ್ ಹುಡುಗಿಯರಿಗೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಿದ್ದಾಗ ಬಾಗಿಲಲ್ಲಿ ಕ್ಯಾಲಮ್ ಕಾಣಿಸಿದ. ನಿದ್ದೆಗೆಟ್ಟ ಕಣ್ಣು, ಬೆಳೆದ ಗಡ್ಡ.

"ಆ ಕಂಪ್ಯೂಟರ್ ಗೊಂಬೆ ಬಿತ್ತು, ಇನೆಸ್. ನಾನು ಕಾಫಿ ಕುಡೀತಾ ನೋಡ್ದೆ. ಏನೂ ಅನ್ನಿಸ್ಲಿಲ್ಲ."

"ಸಿನಿಮಾ ಕೆಡ್ತು ಅಂತ ಬಂದ್ಯಾ?"

"ಅಲ್ಲ! ಅವತ್ತು ನೀನು ಅಂಚಿಗೆ ಬಿದ್ದಾಗ ನನ್ನ ಪ್ರಾಣವೇ ಹೋಯ್ತು. ವಯಸ್ಸಲ್ಲ ಕಣೇ... ನಿನ್ನ ಕಳ್ಕೊಳ್ಳೋ ಭಯ. ಅದನ್ನ ಹೇಳೋಕಾಗ್ದೆ..."

ಅವಳ ಎದೆ ಕರಗಿತು. ದನಿ ಮಾತ್ರ ಕರಗಲಿಲ್ಲ.

"ಭಯ ನಿಂದು. ಕೆಲಸ ಕಿತ್ಕೊಂಡಿದ್ದು ನಂದು. ಅದೆಂಥ ನ್ಯಾಯ?"

"ತಪ್ಪು. ನಿನ್ನ ಕೇಳ್ಬೇಕಿತ್ತು."

"ಹಾಗಾದ್ರೆ ಕೇಳು. ಹಾಸಿಗೆ ಎಲ್ಲಿರ್ಬೇಕು, ಸುತ್ತ ಯಾರಿರ್ಬೇಕು, ನಾನು ಹೇಳ್ತೀನಿ. ನಾನು ಬೀಳುವಾಗ ನೀನು ಕಣ್ಣು ಮುಚ್ಚೋ ಹಾಗಿಲ್ಲ!"

"ಮುಚ್ಚಲ್ಲ."

ಸೋಮವಾರ ಬೆಳಿಗ್ಗೆ ಗಾಜು ಚೂರುಚೂರಾಯಿತು. ಇನೆಸ್ ಬೆನ್ನು ಕೆಳಗಾಗಿ ಬಿದ್ದಳು... ಬಿಸಿಲಲ್ಲಿ ಮಿನುಗುವ ಚೂರುಗಳ ನಡುವೆ, ಕೈ ಚಾಚಿಕೊಂಡು. ಹಾಸಿಗೆಯ ನಟ್ಟನಡುವೆ! ಎಲ್ಲರೂ ಕೂಗಿ ಕುಣಿದರು.

ಕ್ಯಾಲಮ್ ಎಲ್ಲರನ್ನೂ ತಳ್ಳಿಕೊಂಡು ಓಡಿಬಂದು ಅವಳ ಪಕ್ಕ ಮೊಣಕಾಲೂರಿದ.

"ನೋಡ್ದೆ. ಪೂರ್ತಿ ನೋಡ್ದೆ," ಎಂದ. "ನಿನ್ನ ಪ್ರೀತಿಸ್ತೀನಿ, ಇನೆಸ್. ಪ್ರತಿ ಸಲ ನೀನು ಬಿದ್ದಾಗ್ಲೂ ಹೆದರ್ತೀನಿ. ಏನು ಮಾಡ್ಲಿ?"

ಅವಳು ಅವನ ಕೈಯನ್ನು ಎಳೆದು ತನ್ನ ಎದೆಯ ಮೇಲಿಟ್ಟುಕೊಂಡಳು. ಅದೂ ಡವಡವ ಹೊಡೆದುಕೊಳ್ಳುತ್ತಿತ್ತು!

"ಹೆದರ್ಕೋ," ಎಂದಳು ನಗುತ್ತಾ. "ನಾನೂ ಹೆದರ್ತೀನಿ, ಪೆದ್ದ... ಇನ್ಮೇಲೆ ಒಟ್ಟಿಗೇ ಹೆದರೋಣ."