ಎರಡನೆಯ ಬೆರಳು

ಮಂಗಳವಾರ ಬೆಳಿಗ್ಗೆ 11.40ಕ್ಕೆ ಶಸ್ತ್ರಚಿಕಿತ್ಸಕಿಯೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ಆ ದಿನ 9.52ಕ್ಕೆ ಅವರ ಮೊಬೈಲಿನಿಂದ ಮರುದಿನದ ಆಪರೇಷನ್ ಪಟ್ಟಿ ಬದಲಾಗಿ, ಹನ್ನೊಂದನೆಯ ಹೆಸರು ಮೊದಲಿಗೆ ಬಂದಿತ್ತು. ಕೆಳಗೆ ಅವರದೇ ಡಿಜಿಟಲ್ ಸಹಿ. ತಾನು ಮಾಡಿಲ್ಲವೆಂದರೆ ನಂಬುವವರಿಲ್ಲ. ಸಂಜೆ ಐದಕ್ಕೆ ಆಡಳಿತ ಮಂಡಳಿ ಸೇರಿ ಅವರನ್ನು ಅಮಾನತು ಮಾಡಲಿತ್ತು.

ಎಫ್‌ಐಆರ್ ದಾಖಲಾಗುವಷ್ಟರಲ್ಲಿ ಇನ್ಸ್‌ಪೆಕ್ಟರು ಮೂರು ಸಲ ಗಡಿಯಾರ ನೋಡಿದರು. ಕುರ್ಚಿಗೂ ಅವರಿಗೂ ಮೊದಲೇ ಎಣ್ಣೆ ಸೀಗೆಕಾಯಿ, ಕೂತಲ್ಲಿ ಕೂರುವವರಲ್ಲ.

ಆಸ್ಪತ್ರೆಗೆ ಹೋದಾಗ ಅಲ್ಲಿನ ಕಂಪ್ಯೂಟರ್ ವಿಭಾಗದವನು ಗಟ್ಟಿಯಾಗಿಯೇ ಹೇಳಿದ. “ಪಾಸ್‌ವರ್ಡ್ ತೆಗೆದು ಆರು ತಿಂಗಳಾಯ್ತು ಸರ್. ಡಿಜಿಟಲ್ ಸಹಿಯ ಸರ್ಟಿಫಿಕೇಟು ಡಾಕ್ಟರ ಮೊಬೈಲ್ ಒಳಗೇ ಇರುತ್ತೆ, ಹೊರಗೆ ಬರಲ್ಲ. ಬೆರಳಿಟ್ರೆ ಮಾತ್ರ ಸಹಿ.”

“ಯಾರ ಬೆರಳು?”

“ಮೊಬೈಲಿಗೆ ಗೊತ್ತಿರೋ ಬೆರಳು.”

“ಡಾಕ್ಟರದ್ದೇನಾ?”

“ಇನ್ಯಾರದ್ದಿರುತ್ತೆ?”

“ಇಷ್ಟೆಲ್ಲಾ ಓದಿ ಕಡೆಗೆ ಹೆಬ್ಬೆಟ್ಟಿಗೇ ಬಂದ್ರಲ್ಲ ಸರ್,” ಎಂದು ದಫೇದಾರ ನಕ್ಕ. ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. 9.52ಕ್ಕೆ ಡಾಕ್ಟರ ಎರಡೂ ಕೈ ಗ್ಲೌಸಿನಲ್ಲಿದ್ದವು, ಆಪರೇಷನ್ ನಡೆಯುತ್ತಿತ್ತು. ಅದಕ್ಕೆ ನಾಲ್ವರು ಸಾಕ್ಷಿಗಳಿದ್ದರು.

2.15ಕ್ಕೆ ಪಂಚರ ಮುಂದೆ ಮೊಬೈಲ್ ತೆರೆಸಿದರು. ಒಳಗೆ ದಾಖಲಾದ ಬೆರಳುಗಳು ಎರಡು. ಡಾಕ್ಟರು ಹತ್ತೂ ಬೆರಳು ಒತ್ತಿದರು, ಹೊಂದಿದ್ದು ಒಂದೇ. ಪಂಚನಾಮೆಯಲ್ಲಿ ಅದನ್ನೇ ಬರೆದರು.

“ಎರಡನೇದು ಯಾರದ್ದು ಮೇಡಂ?”

ಡಾಕ್ಟರು ಒತ್ತುತ್ತಿದ್ದ ಬೆರಳು ಹಿಂತೆಗೆದರು. “ಆಪರೇಷನ್ ಥಿಯೇಟರ್ ನರ್ಸು, ನಮ್ಮ ಸಿಸ್ಟರದ್ದು. ನನ್ನ ಕೈ ಬಿಡುವಿರಲ್ಲ, ಅರ್ಜೆಂಟ್ ಇದ್ದಾಗ ಅವಳೇ ಒತ್ತಲಿ ಅಂತ ನಾನೇ ಹಾಕ್ಸಿದ್ದೆ. ಹನ್ನೊಂದು ವರ್ಷ ಜೊತೆಗಿದ್ದಾಳೆ. ಅದು ಬೇರೆಯವರ ಬೆರಳು ಅನ್ನೋದೇ ಮರ್ತುಹೋಗಿತ್ತು.”

ದಫೇದಾರ ವಾರ್ಡಿನ ಪುಸ್ತಕ ತಂದ. ಮೊದಲಿಗೆ ಬಂದಿದ್ದ ರೋಗಿಯ ಹೆಸರಿನ ಮುಂದೆ, ಸಂಬಂಧಿಕರ ಅಂಕಣದಲ್ಲಿ ‘ತಂಗಿ’ ಎಂದಿತ್ತು. ಪಕ್ಕದಲ್ಲಿದ್ದ ಫೋನ್ ನಂಬರು ಸಿಸ್ಟರದ್ದು.

3.40ಕ್ಕೆ ಆಕೆ ಬಂದು ಎದುರಿಗೆ ನಿಂತಳು.

“9.52ಕ್ಕೆ ಮೇಡಂ ಫೋನ್ ಎಲ್ಲಿತ್ತು?”

“ನನ್ನ ಜೇಬಲ್ಲಿ.”

“ಒತ್ತಿದ್ದು?”

“ನಾನೇ ಸರ್.”

ಇಷ್ಟು ಸುಲಭಕ್ಕೆ ಒಪ್ಪಿಕೊಂಡದ್ದು ಇನ್ಸ್‌ಪೆಕ್ಟರಿಗೆ ಇನ್ನಷ್ಟು ಕಸಿವಿಸಿ ತಂದಿತು. “ನಮ್ಮಕ್ಕ ಅಂತ ಮೇಡಂಗೆ ಹೇಳ್ಬಹುದಿತ್ತಲ್ಲಮ್ಮ.”

“ಪಟ್ಟೀಲಿರೋರೆಲ್ಲಾ ಯಾರಿಗೋ ಅಕ್ಕಾನೋ ಅಣ್ಣಾನೋ ಅಲ್ವಾ ಸರ್. ಕೇಳ್ಬಾರ್ದು ಅನ್ಕೊಂಡಿದ್ದೆ.” ಆಕೆ ತನ್ನ ಹೆಬ್ಬೆರಳು ನೋಡಿಕೊಂಡಳು. “ಅಕ್ಕನ ಆಪರೇಷನ್ ಮೂರು ಸಲ ಮುಂದಕ್ಕೆ ಹೋಯ್ತು. ಮೂರು ಸಲಾನೂ ಮೇಡಂ ‘ಒತ್ತಮ್ಮ’ ಅಂದ್ರು. ಅವಳ ಹೆಸರು ಕೆಳಗಿಳಿಯೋದನ್ನ ನೋಡ್ತಾ ನೋಡ್ತಾನೇ ಒತ್ತಿದೆ. ಆಗ ಯಾರೂ ಪೊಲೀಸರನ್ನ ಕರೀಲಿಲ್ಲ.”

4.25ಕ್ಕೆ ಬಂಧನ. ಐದಕ್ಕೆ ಮೊದಲೇ ಮಂಡಳಿಗೆ ವರದಿ ಹೋಯಿತು, ಡಾಕ್ಟರು ಕೆಲಸದಲ್ಲಿ ಉಳಿದುಕೊಂಡರು. ಪಟ್ಟಿ ಸರಿಯಾಯಿತು, ಅಕ್ಕ ಮತ್ತೆ ಹನ್ನೊಂದನೆಯವಳು. ಇನ್ಸ್‌ಪೆಕ್ಟರಿಗೆ ಆಗಲೂ ಕೂರಲಾಗಲಿಲ್ಲ.

ದಫೇದಾರ ಬಂಧನದ ಪತ್ರ ಮುಂದಿಟ್ಟು ಪೆನ್ನು ಕೊಟ್ಟ. ಸಿಸ್ಟರು ಸಹಿ ಹಾಕಿದಳು. ಆ ದಿನ ಆಕೆಯ ಕೈಯಿಂದ ಆಕೆಯದೇ ಹೆಸರಿನಲ್ಲಿ ಬಿದ್ದ ಸಹಿ ಅದೊಂದೇ.